ಎಕ್ಸ್‌ಚೇಂಜ್ ಕಾಕಾ ಮತ್ತು ಬೇವೂರಿನ ತತ್ತಿಗಳು

ಅವರ ಕೊರಳಲ್ಲಿ ಎರಡು ಕನ್ನಡಕ ತೂಗುತ್ತಿದ್ದವು, ಮೂರನೆಯದು ಹಣೆಯ ಮೇಲೆ ಕೂತಿರುತ್ತಿತ್ತು. ತೂಗುವ ಎರಡಕ್ಕೂ ಕಟ್ಟಿದ್ದು ದಾರವಲ್ಲ, ಕೆಂಪು-ಬಿಳಿ ಹೆಣೆದ ಟೆಲಿಫೋನ್ ವೈರು. ದೂರ ನೋಡಲು ಒಂದು, ಓದಲು ಒಂದು, ಕಂಪ್ಯೂಟರ್ ಪರದೆಗೆ ಒಂದು. ನೀವೊಂದು ಪ್ರಶ್ನೆ ಕೇಳಿದರೆ ಮೊದಲು ನಿಮ್ಮ ಮುಖ ನೋಡಲು ಒಂದನ್ನು ಏರಿಸುವರು. ನೀವು ಕೊಟ್ಟ ಚೀಟಿ ಓದಲು ಅದನ್ನಿಳಿಸಿ ಇನ್ನೊಂದನ್ನು. ಪರದೆ ನೋಡಲು ಮೂರನೆಯದನ್ನು. ಅಷ್ಟರಲ್ಲಿ ವೈರುಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತಿದ್ದವು. ಅವನ್ನು ಬಿಡಿಸಿದ ಮೇಲೆಯೇ ಉತ್ತರ. ಗಂಗಾವತಿಯ ನನ್ನ ಅಂಗಡಿಗೆ ಬಂದ ಗಿರಾಕಿ ಅಷ್ಟು ಹೊತ್ತಿಗೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿರುತ್ತಿದ್ದ.

ಎಕ್ಸ್‌ಚೇಂಜ್ ಕಾಕಾ ಎಂದು ಕರೆಯುತ್ತಿದ್ದೆನಾದರೂ ರಕ್ತಸಂಬಂಧವೇನಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಮೂವತ್ತು ವರ್ಷ ದುಡಿದು, ಎಕ್ಸ್‌ಚೇಂಜುಗಳೇ ಬಡವಾದ ಮೇಲೆ ಅವಧಿಗೆ ಮೊದಲೇ ನಿವೃತ್ತಿ ಪಡೆದು ಕೊಪ್ಪಳದ ಮನೆಯಲ್ಲಿ ಕೂತವರು. ಕೂತವರು ಸುಮ್ಮನಿರದೆ, ಮಗಳು ಓದಿ ಮುಗಿಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ನಾನು ಅಂಥವರನ್ನೇ ಹುಡುಕುತ್ತಿದ್ದೆ. ನಾನು ಫ್ಯೂಜ್ ಕಟ್ಟುವುದರಿಂದ ಹಿಡಿದು ರೈಸ್‌ಮಿಲ್ಲಿನ ಪ್ಯಾನಲ್ ಬೋರ್ಡಿನವರೆಗೆ ಕೈಯಾರೆ ಕಲಿತು ಅಂಗಡಿ ಕಟ್ಟಿದವಳು. ಮಾಡುವುದಕ್ಕಿಂತ ಮಾರುವುದನ್ನು ಚೆನ್ನಾಗಿ ಬಲ್ಲೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಬೇಕಾದರೆ ಬರೆದಿಟ್ಟುಕೊಳ್ಳಿ: ತನ್ನ ಕೆಲಸದ ಬೆಲೆ ತನಗೇ ಗೊತ್ತಿಲ್ಲದ ಕೆಲಸಗಾರ ಸಿಕ್ಕರೆ ಬಿಡಬೇಡಿ. ಆದರೆ ನಿಮ್ಮ ಸಮಯದ ಬೆಲೆಯೂ ಅವನಿಗೆ ಗೊತ್ತಿರುವುದಿಲ್ಲ, ಅದಕ್ಕೆ ಮೊದಲೇ ತಯಾರಾಗಿರಿ. ನಾನು ತಯಾರಾಗಿರಲಿಲ್ಲ.

ನಾವು ಮಾಡಲು ಹೊರಟದ್ದು ಇಷ್ಟೇ. ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ತತ್ತಿಗಳಿಗೆ ಕಾವು ಕೊಡುವ ಯಂತ್ರವಿರುತ್ತದಲ್ಲ, ಅದರೊಳಗೊಂದು ಸಣ್ಣ ಪೆಟ್ಟಿಗೆ ಇಡುವುದು. ಅದು ನಿಮಿಷಕ್ಕೊಮ್ಮೆ ಒಳಗಿನ ಬಿಸಿ ಎಷ್ಟಿದೆ ಎಂದು ಆಫೀಸಿನ ಕಂಪ್ಯೂಟರಿಗೆ ಹೇಳುವುದು. ಈ ಎರಡರ ನಡುವೆ ಮಾತು ಸಾಗಿಸಲು ಕಾಕಾ ಆರಿಸಿಕೊಂಡದ್ದು ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಬಿಟ್ಟುಕೊಟ್ಟ ಒಂದು ಮೆಸೇಜ್ ಕ್ಯೂ ಲೈಬ್ರರಿ. ಅಂದರೆ ಸಿದ್ಧಮಾಡಿಟ್ಟ ಪ್ರೋಗ್ರಾಮು. ನೀವು ಸಂದೇಶ ಕೊಟ್ಟರೆ ಸಾಲಿನಲ್ಲಿ ನಿಲ್ಲಿಸಿ ಆ ಕಡೆಗೆ ಮುಟ್ಟಿಸುತ್ತದೆ. ಲೈನು ಕಡಿದರೆ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ; ಅಲ್ಲಿಯವರೆಗೆ ಬಂದ ಸಂದೇಶಗಳನ್ನು ಕಾಯ್ದಿಡುತ್ತದೆ. ಯಾರಿಗಾದರೂ ಇಷ್ಟು ಸಾಕು.

ಕಾಕಾಗೆ ಸಾಕಾಗಲಿಲ್ಲ. ಆ ಲೈಬ್ರರಿ ಒಳಗೊಳಗೇ ತನ್ನ ಸುದ್ದಿ ಹೇಳಿಕೊಳ್ಳುತ್ತಿರುತ್ತದಂತೆ: ಜೋಡಣೆಯಾಯಿತು, ತಡವಾಗುತ್ತಿದೆ, ಮತ್ತೆ ಯತ್ನಿಸುತ್ತಿದ್ದೇನೆ, ಆ ಕಡೆಯವರು ಗುರುತು ಹೇಳಲಿಲ್ಲ, ಕಡಿಯಿತು. ಕೇಳುತ್ತೇನೆ ಎಂದವರಿಗೆ ಮಾತ್ರ ಕೇಳಿಸುತ್ತದೆ. ಹೆಚ್ಚಿನವರು ಆ ಗೊಡವೆಗೆ ಹೋಗುವುದಿಲ್ಲ. ಕಾಕಾ ಒಂದೊಂದು ಸುದ್ದಿಗೂ ಬೇರೆ ಬೇರೆ ಕೋಡ್ ಬರೆಯುತ್ತ ಕೂತರು. ಒಂದು ವಾರವಲ್ಲ, ಒಂದು ತಿಂಗಳಲ್ಲ, ನಾಲ್ಕು ತಿಂಗಳು!

"ಕಾಕಾ, ಆತೋ ಇಲ್ಲೋ? ಇರಕಲ್ಲಗಡದ ಹ್ಯಾಚರಿ ಅಕ್ಕಾರು ದಿನಾ ಫೋನ್ ಮಾಡಾಕತ್ಯಾರ."

"ಜೋಡಣಿ ಆಗತೈತಿ. ಆಗೇತಿ ಅನ್ನೂದು ನಮಗ ಹೆಂಗ ತಿಳೀಬೇಕು, ಅದನ್ನ ನೋಡಾಕತ್ತೀನಿ."

"ಆಗತೈತಿ ಅಂದ ಮ್ಯಾಲ ತಿಳದು ಏನ್ ಮಾಡೂದೈತ್ರಿ?"

ಅವರು ಕನ್ನಡಕ ಬದಲಿಸಿ ನನ್ನ ಮುಖ ನೋಡಿದರು. "ಏನವಾ ಸಾವ್ಕಾರ್ತಿ, ರಿಂಗ್ ಹೋತು ಅಂದ್ರ ಮನ್ಯಾಗ ಮಂದಿ ಅದಾರ ಅಂತಲ್ಲ. ಎತ್ತಿದ್ರು ಅಂದ್ರ ಕೇಳಾಕತ್ಯಾರ ಅಂತಲ್ಲ. ಕೇಳಿದ್ರು ಅಂದ್ರ ತಿಳದೈತಿ ಅಂತಲ್ಲ. ಮೂವತ್ತು ವರ್ಷ ಇದನ್ನ ನೋಡೀನಿ."

ಅವರೊಡನೆ ಫೋನಿನಲ್ಲಿ ಮಾತಾಡುವುದು ಇನ್ನೊಂದು ಶಿಕ್ಷೆ. ನಮ್ಮ ಕಡೆ ಒಬ್ಬರು ಮಾತಾಡುತ್ತಿದ್ದರೆ ಕೇಳುವವರು ನಡುನಡುವೆ ಹೂಂಗುಡಬೇಕು. ಇಲ್ಲದಿದ್ದರೆ ಹೇಳುವವರ ಬಾಯಿ ಕಟ್ಟುತ್ತದೆ. ನಾನಂತೂ ದಿನಕ್ಕೆ ಸಾವಿರ ಸಲ ಹೂಂ ಅನ್ನುವವಳು. ಕೇಳದಿದ್ದರೂ ಹೂಂ, ಒಪ್ಪದಿದ್ದರೂ ಹೂಂ. ಗಿರಾಕಿಗೆ ಬೇಕಾಗಿರುವುದು ಅಷ್ಟೇ. ಕಾಕಾ ಮಾತ್ರ ಪೂರ್ತಿ ತಿಳಿಯುವ ತನಕ ಉಸಿರೇ ಬಿಡುತ್ತಿರಲಿಲ್ಲ. "ಹಲೋ, ಕಾಕಾ, ಅದೀರೇನು?" ಎಂದು ನಾನು ಒದರುವುದು, "ಅದೀನಿ. ತಿಳಿದ ಮ್ಯಾಲ ಹೂಂ ಅಂತೀನಿ" ಎಂದು ಅವರು. ರಸ್ತೆಯಲ್ಲಿ ಹೋಗುವವರು ನಾನು ಯಾರೊಡನೆ ಜಗಳಾಡುತ್ತಿದ್ದೇನೆಂದು ತಿರುಗಿ ನೋಡುತ್ತಿದ್ದರು.

ನಿಜವಾದ ಜಗಳ ಆದದ್ದು ಹಳೆಯ ಸಂದೇಶಗಳ ಬಗ್ಗೆ. ಲೈನು ಕಡಿದಿದ್ದಾಗ ಕಾಯ್ದಿಟ್ಟ ಸಂದೇಶಗಳನ್ನು ಒಗೆದುಬಿಡು, ತೀರ ಹೊಸದೊಂದನ್ನು ಮಾತ್ರ ಉಳಿಸು ಎಂದೂ ಆ ಲೈಬ್ರರಿಗೆ ಹೇಳಬಹುದು. ಹಾಗೇ ಹೇಳಿರಿ ಎಂದೆ. "ನಿನ್ನಿನ ಭತ್ತದ ದರ ಇಟಗೊಂಡು ಇವತ್ತು ಯಾವ ಮಿಲ್ಲಿನಾಗ ಮಾತಾಡ್ಲಿ ನಾನು? ಹಳೇದು ಒಗೀರಿ."

"ಮಾತು ತಡಾ ಆಗಲಿ, ಕಳೀಬಾರ್ದು," ಎಂದರು ಕಾಕಾ.

ಅದಕ್ಕೊಂದು ಕಾರಣವಿತ್ತು. ಅವರು ನೌಕರಿಗೆ ಸೇರಿದ ಹೊಸತರಲ್ಲಿ ಅಳವಂಡಿಯ ಒಬ್ಬ ಮನುಷ್ಯನಿಗೆ, ತಾಯಿಯ ಜಡ್ಡು ಜೋರಾಗಿದೆ ಎಂಬ ಸುದ್ದಿ ಟ್ರಂಕ್ ಕಾಲಿನಲ್ಲಿ ಮುಟ್ಟಬೇಕಿತ್ತಂತೆ. ಲೈನು ಕಡಿದಿತ್ತು. ಮತ್ತೆ ಜೋಡಣೆಯಾಗುವಷ್ಟರಲ್ಲಿ ಆ ಕರೆಯ ಚೀಟಿಯನ್ನು ಹಳೆಯದಾಯಿತೆಂದು ಯಾರೋ ಹರಿದು ಹಾಕಿದ್ದರು. ಮೂರು ದಿನದ ಮೇಲೆ ಆ ಮನುಷ್ಯ ಬಂದು ಎಕ್ಸ್‌ಚೇಂಜಿನ ಬಾಗಿಲಲ್ಲಿ ಸುಮ್ಮನೆ ನಿಂತನಂತೆ. "ಬೈದಿದ್ರ ಛಲೋ ಇತ್ತು," ಎಂದರು ಕಾಕಾ. ಇಂಥ ಮಾತಿಗೆ ಚೌಕಾಸಿ ಮಾಡುವುದು ಹೇಗೆ? ಒಪ್ಪಿಕೊಂಡೆ. ಒಂದು ಸಂದೇಶವೂ ಕಳೆಯದಂತೆ, ಬಂದದ್ದನ್ನೆಲ್ಲ ಸಾಲಾಗಿ ಪರದೆಯ ಮೇಲೆ ತೋರಿಸುವಂತೆ ಅವರು ಬರೆದರು. ಒಂದೊಂದು ಅಂಕಿಯೂ ಐದು ಸೆಕೆಂಡು ನಿಲ್ಲಬೇಕು. ಐದು ಯಾಕೆ ಎಂದರೆ, ಕನ್ನಡಕ ಬದಲಿಸಲು ಅವರಿಗೆ ಅಷ್ಟು ಹೊತ್ತು ಬೇಕು!

ಇರಕಲ್ಲಗಡದ ಅಕ್ಕನ ಹ್ಯಾಚರಿ ಊರಿನ ಹೊರಗೆ ಹೊಲದಲ್ಲೇ ಇತ್ತು. ಎರಡು ಕೋಣೆ, ಗಂಗಾವತಿಯಲ್ಲಿ ವೆಲ್ಡಿಂಗ್ ಮಾಡಿಸಿ ತಂದ ಒಂದು ಕಾವಿನ ಯಂತ್ರ. ಆಕೆ ಮಾಡುತ್ತಿದ್ದುದು ಜವಾರಿ ಕೋಳಿಯ ಮರಿ. ಆ ಬೇಸಿಗೆ ಬೇವೂರಿನಲ್ಲಿ ಕೊಕ್ಕರೆ ರೋಗ ಬಂದು ಕೋಳಿಗಳು ಸತ್ತಿದ್ದವು. ಮನೆಗೆ ಎರಡೋ ಮೂರೋ ಉಳಿದಿದ್ದವಷ್ಟೆ. ಹನ್ನೊಂದು ಮನೆಯ ಹೆಂಗಸರು ಒಂದನ್ನೂ ಕಾವಿಗೆ ಕೂಡಿಸದೆ, ಇಟ್ಟ ತತ್ತಿಯನ್ನೆಲ್ಲ ಅಕ್ಕನಿಗೆ ಪಾಲಿಗೆ ಕೊಟ್ಟಿದ್ದರು. ಮರಿಯಾದ ಮೇಲೆ ಅರ್ಧ ಅವರಿಗೆ, ಅರ್ಧ ಅಕ್ಕನಿಗೆ. ಮನೆಗೊಂದು ಟ್ರೇ, ಟ್ರೇಗೊಂದು ಹೆಸರು. ಮರಿ ಏಳದಿದ್ದರೆ ಆ ಹನ್ನೊಂದು ಅಂಗಳಗಳಲ್ಲಿ ಮತ್ತೆ ಕೋಳಿ ಓಡಾಡುವುದು ಯಾವಾಗಲೋ.

ನಮ್ಮ ಪೆಟ್ಟಿಗೆ ಕೂಡಿಸಿದ ದಿನ ನಾನು ಎಂದಿನಂತೆ ಸಲಹೆ ಕೊಟ್ಟೆ. ಯಂತ್ರದೊಳಗೆ ಒಂದು ಗಾಜಿನ ಥರ್ಮಾಮೀಟರ್ ನೇತಾಡುತ್ತಿತ್ತು. "ಅಕ್ಕಾರ, ಇನ್ನ ಅದನ್ನ ತಗದು ಕಪಾಟಿನಾಗ ಇಡ್ರಿ. ಎರಡು ಗಡಿಯಾರ ನೋಡಿದ್ರ ಯಾವ ಹೊತ್ತೂ ಖರೇ ಅನಸೂದಿಲ್ಲ." ಅಕ್ಕ ತೆಗೆದಿಟ್ಟಳು. ಕಾಕಾ ಏನೋ ಹೇಳಲು ಹೊರಟು ಕನ್ನಡಕ ಹುಡುಕುತ್ತಿದ್ದರು. ಅಷ್ಟರಲ್ಲಿ ನಾನು ಗಾಡಿ ಚಾಲೂ ಮಾಡಿದ್ದೆ.

ತತ್ತಿ ಇಟ್ಟು ಹದಿನೆಂಟನೆಯ ದಿನಕ್ಕೆ ಖಂಡೇ ಪೂಜೆ ಬಂತು. ಆ ದಿನ ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದುಡಿಯುವ ಎಲ್ಲದಕ್ಕೂ ಪೂಜೆ, ಎಲ್ಲದಕ್ಕೂ ವಿಶ್ರಾಂತಿ. ಕಾವಿನ ಯಂತ್ರ ನಿಲ್ಲಿಸಿದರೆ ತತ್ತಿ ಸಾಯುತ್ತವೆಂದು ಅಕ್ಕನಿಗೆ ಗೊತ್ತು. ಅದಕ್ಕೆ ಆಕೆ ಕಂಪ್ಯೂಟರನ್ನಾದರೂ ಆರಿಸಿ, ಒರೆಸಿ, ವಿಭೂತಿ-ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಮಲಗಿಸಿದಳು. ಲೋಬಾನದ ಹೊಗೆ ಒಳಗೆ ಹೋಗಬಾರದೆಂದು ಕಾವಿನ ಯಂತ್ರದ ಗಾಳಿಕಿಂಡಿ ಮುಚ್ಚಿದಳು. ಹಬ್ಬದೂಟದ ಗಡಿಬಿಡಿಯಲ್ಲಿ ಅದನ್ನು ತೆರೆದದ್ದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತು ಒಳಗೆ ಬಿಸಿ ಏರಿ, ಕಿಂಡಿ ತೆರೆದ ಮೇಲೆ ಇಳಿಯಿತು. ಪೆಟ್ಟಿಗೆ ಅದನ್ನೆಲ್ಲ ನಿಮಿಷಕ್ಕೊಮ್ಮೆ ಬರೆದುಕೊಂಡಿತು. ಕೇಳುವ ಕಂಪ್ಯೂಟರು ಮಲಗಿದ್ದರಿಂದ ಸಾಲಿನಲ್ಲಿ ನಿಲ್ಲಿಸಿಟ್ಟುಕೊಂಡಿತು.

ಮರುದಿನ, ಬನ್ನಿಯ ದಿನ ಬೆಳಿಗ್ಗೆ ಅಕ್ಕ ಕಂಪ್ಯೂಟರ್ ಹಚ್ಚಿದಳು. ಜೋಡಣೆಯಾಯಿತು ಎಂದು ಹಸಿರು ದೀಪ ಹತ್ತಿತು. ಅರ್ಧ ತಾಸಿನೊಳಗೆ ನನಗೆ ಫೋನು.

"ತಂಗೀ, ಟೀವ್ಯಾಗ ಮೂವತ್ತೆಂಟ ದಾಟೇತಿ! ಏರಾಕತ್ತೈತಿ!" ನಮ್ಮ ಪರದೆಯನ್ನು ಆಕೆ ಕರೆಯುತ್ತಿದ್ದುದೇ ಟೀವಿ ಎಂದು.

ಇರಬೇಕಾದದ್ದು ಮೂವತ್ತೇಳೂವರೆ ಡಿಗ್ರಿ. "ಹೀಟರ್ ಬಂದ್ ಮಾಡ್ರಿ! ಬಾಗಲಾ ತಗೀರಿ, ಪೂರಾ ತಗೀರಿ!" ಎಂದೆ ನಾನು.

ಎಂಟು ಹತ್ತು ನಿಮಿಷ ಬಿಟ್ಟು ಮತ್ತೆ ಫೋನು. "ಬಾಗಲಾ ತಗದೀನಿ, ಇಳೀವಲ್ದು. ಫ್ಯಾನೂ ಹಚ್ಚಲೇನು?"

"ಹಚ್ರಿ!" ಎಂದು, ಆಮೇಲೆ ಕಾಕಾಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಒದರಿದೆ. ಆ ಕಡೆ ಹೂಂ ಇಲ್ಲ, ಹಾಂ ಇಲ್ಲ. ನನಗೆ ಫೋನು ಗೋಡೆಗೆ ಒಗೆಯುವಷ್ಟು ಸಿಟ್ಟು. ಕೊನೆಗೆ ಒಂದೇ ಪ್ರಶ್ನೆ ಬಂತು.

"ಹಸರ ದೀಪಾ ಯಾವಾಗ ಹತ್ತೇತಿ?"

"ದೀಪದ್ದೇನ್ರಿ ಕಾಕಾ ಈಗ? ಮುಂಜಾನಿ ಹಚ್ಯಾರ. ನಿನ್ನಿ ಪೂಜಾಕ ಬಂದ್ ಇಟ್ಟಿದ್ರಂತ."

ಆಗ ಬಂತು ಹೂಂ. "ಬಾಗಲಾ ಹಾಕಸವಾ. ಜಲ್ದಿ. ಅದು ಹೇಳಾಕತ್ತಿದ್ದು ಸುಳ್ಳಲ್ಲ, ಆದ್ರ ನಿನ್ನಿದು. ಈಗ ಒಳಗ ಥಂಡಿ ಹೊಡ್ಯಾಕತ್ತೈತಿ."

ಅಕ್ಕನಿಗೆ ಫೋನಿನಲ್ಲಿ ಅದನ್ನೇ ಹೇಳಿ, ಬಾಗಿಲು ಹಾಕಿಸಿ, ಹೀಟರ್ ಹಚ್ಚಿಸಿ, ಕೊಪ್ಪಳದಲ್ಲಿ ಅವರನ್ನು ಗಾಡಿಗೆ ಹತ್ತಿಸಿಕೊಂಡು ಇರಕಲ್ಲಗಡಕ್ಕೆ ಹೊರಟೆ. ದಾರಿಯುದ್ದಕ್ಕೂ ಪಾಠ ಹೇಳಿದೆ. "ಕಾಕಾ, ನೀವು ಬಾಯಿ ತಗೀಬ್ಯಾಡ್ರಿ. ಕಂಪ್ಯೂಟರ್ ಬಂದ್ ಮಾಡಿದ್ದು ಅವರು. ಬಂದ್ ಮಾಡಬಾರ್ದಂತ ನಾವು ಮೊದಲ ಹೇಳೀವಿ. ಮುಂದಿನ ಮಾತು ನಾ ನೋಡ್ಕೋತೀನಿ." ಅವರು ಹೊಲಗಳನ್ನು ನೋಡುತ್ತ ಸುಮ್ಮನೆ ಕೂತಿದ್ದರು. ಒಪ್ಪಿದ್ದಾರೆಂದು ತಿಳಿದೆ. ಇಷ್ಟು ದಿನ ಅವರ ಜೊತೆ ಕೆಲಸ ಮಾಡಿಯೂ ಹಾಗೆ ತಿಳಿದದ್ದು ನನ್ನ ದಡ್ಡತನ.

ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. "ಬರ್ರಿ, ಬರ್ರಿ. ನಿಮ್ಮ ಟೀವಿ ನಿನ್ನಿನ ನಾಟಕ ಇವತ್ತು ಹಚ್ಚೇತಿ, ನೋಡಬರ್ರಿ."

"ಅಲ್ರೀ ಅಕ್ಕಾರ, ಬಂದ್ ಮಾಡಬಾರ್ದಂತ ನಾ ಮೊದಲ..." ಎಂದು ನಾನು ಶುರುಮಾಡಿದೆ.

"ತಪ್ಪು ನಂದವಾ," ಎಂದರು ಕಾಕಾ.

ಚಪ್ಪಲಿ ಕೂಡ ಬಿಟ್ಟಿರಲಿಲ್ಲ! ಗಿರಾಕಿ ಪೂರ್ತಿ ಬೈದು ಮುಗಿಸುವ ಮೊದಲು ತಪ್ಪು ಒಪ್ಪಿಕೊಳ್ಳುವವನನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಅಕ್ಕನೂ ಅರ್ಧಕ್ಕೆ ನಿಂತಳು. "ಯಂತ್ರ ನಿಲ್ಲಸಾಕ ಬರೂದಿಲ್ಲ, ಟೀವಿನಾದ್ರೂ ಮಲಗಲಿ ಅಂದೆ ಕಾಕಾ. ಹಬ್ಬದ ದಿನ ಒಂದಕ್ಕಾದ್ರೂ ವಿಶ್ರಾಂತಿ ಬ್ಯಾಡೇನ್ರಿ?"

"ಬೇಕು. ಮಲಗಿದ್ದು ಎದ್ದ ಮ್ಯಾಲ, ಇದು ಯಾವ ದಿನ ಅಂತ ಮೊದಲ ಕೇಳಬೇಕಿತ್ತು. ನಾ ಅದನ್ನ ಬರದಿಲ್ಲ. ಜೋಡಣಿ ಆತು ಅಂತ ದೀಪಾ ಹಚ್ಚಿದೆ. ಆದ ಮ್ಯಾಲ ಏನ್ ಮಾಡಬೇಕು ಅನ್ನೂದು ಬಿಟ್ಟೆ."

ಆಕೆಯ ಕಣ್ಣು ನನ್ನ ಕಡೆ ತಿರುಗಿತು. "ಬಾಗಲಾ ತಗೀರಿ ಅಂದಾಕಿ ಈಕಿ ಅಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: "ಪರದಿ ಹಂಗ ತೋರಿಸಿದ್ರ ಆಕಿ ಇನ್ನೇನ್ ಹೇಳ್ಯಾಳು? ಅದೂ ನಂದ." ನಾನು ಬಾಯಿ ಮುಚ್ಚಿಕೊಂಡೆ. ಲಾಭದ ಮಾತು ಬಂದಾಗ ನಡುವೆ ಬಾಯಿ ಹಾಕಬಾರದು ಎಂಬುದು ನಾನು ಎಲ್ಲರಿಗೂ ಕೊಡುವ ಸಲಹೆ.

ಅವರು ಮೊದಲು ಮಾಡಿದ ಕೆಲಸ ಕಪಾಟಿನಿಂದ ಗಾಜಿನ ಥರ್ಮಾಮೀಟರ್ ತೆಗೆಸಿ ಯಂತ್ರದೊಳಗೆ ತೂಗುಹಾಕಿದ್ದು. ಆಮೇಲೆ ಅಲ್ಲೇ ಕೂತು ಪ್ರೋಗ್ರಾಂ ತಿದ್ದಿದರು. ಜೋಡಣೆಯಾಯಿತು ಎಂಬ ಸುದ್ದಿ ಬಂದೊಡನೆ ಮೊದಲು ಈಗಿನ ಬಿಸಿಯನ್ನೇ ಕೇಳಿ ತರಿಸಿ, ಹೊತ್ತು ಸಮೇತ ಪರದೆಗೆ ಹಾಕುವುದು. ಕಾದು ನಿಂತ ಹಳೆಯವನ್ನು ಒಂದನ್ನೂ ಕಳೆಯದೆ ಬೇರೆ ಕಡೆ ಬರೆದಿಡುವುದು. ಇಷ್ಟನ್ನು ಮೊದಲೇ ಮಾಡಿದ್ದರೆ ನನ್ನದೂ ನಡೆಯುತ್ತಿತ್ತು, ಅವರದೂ ನಡೆಯುತ್ತಿತ್ತು. ನಾಲ್ಕು ತಿಂಗಳು ಜಗಳಾಡಿದ ಇಬ್ಬರಿಗೂ ಇದು ಹೊಳೆದಿರಲಿಲ್ಲ.

ಇಪ್ಪತ್ತೊಂದನೆಯ ದಿನ ಬೇವೂರಿನ ಹೆಂಗಸರು ಬುಟ್ಟಿ ಹಿಡಿದು ಟಂಟಂ ಆಟೋದಲ್ಲಿ ಬಂದಿಳಿದರು. ಒಂದು ತತ್ತಿಯೂ ಬಿರುಕು ಬಿಟ್ಟಿರಲಿಲ್ಲ. ನಡೆದದ್ದನ್ನೆಲ್ಲ ಕಾಕಾ ಅವರ ಮುಂದೆಯೂ ತಮ್ಮ ತಪ್ಪೆಂದೇ ಹೇಳಿದರು. ಅಕ್ಕ ನನ್ನ ಮುಖ ನೋಡಿದಳು.

"ಹಂಗಾದ್ರ ಕಾಕಾ, ಇನ್ನ ನಿಮ್ಮ ಕಂಪ್ಯೂಟರನ್ನ ಕಾವಿಗೆ ಕುಂದ್ರಸ್ರಿ," ಎಂದಳೊಬ್ಬಳು.

"ಅದು ಕುಂದ್ರತೈತಿ ಬಿಡವಾ, ಪೂಜಾ ಬಂದ್ರ ಎದ್ದ ಹೋಗತೈತಿ," ಎಂದಳು ಇನ್ನೊಬ್ಬಳು. ನಕ್ಕರು. ನಗು ಬೇಗ ಆರಿತು. ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಎಷ್ಟು ಹೊತ್ತು ನಗಲು ಬರುತ್ತದೆ?

ಅವರಲ್ಲೊಬ್ಬ ಮುದುಕಿ ಇದ್ದಳು. ಆಕೆಯ ಟ್ರೇ ಯಂತ್ರದ ಬಾಗಿಲಿಗೆ ಹತ್ತಿಕೊಂಡೇ ಇತ್ತು. ಥಂಡಿ ಹೆಚ್ಚು ಬಡಿದದ್ದು ಅದಕ್ಕೆ. ಆಕೆ ಯಾರನ್ನೂ ಕೇಳದೆ ಒಳಗೆ ಹೋಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದು ತತ್ತಿ ಎತ್ತಿ ಕಿವಿಗೆ ಹಿಡಿದಳು. ಇಟ್ಟಳು. ಇನ್ನೊಂದು ಹಿಡಿದಳು. ಮೂರನೆಯದನ್ನು ಹಿಡಿದು ಬಹಳ ಹೊತ್ತು ನಿಂತಳು.

"ಒಳಗ ಮಾತಾಡಾಕತ್ತೈತಿ," ಎಂದಳು.

ಕಾಕಾ ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡರು. ಕೇಳಿದರು. "ಇದು ಈಗಿನ ಮಾತ ಹೌದಲ್ಲವಾ?" ಎಂದರು.

"ಮತ್ತ ನಿನ್ನಿದನ್ನ ಇವತ್ತು ಕೂಗತೈತೇನ್ರಿ ಅದು?" ಎಂದಳು ಮುದುಕಿ.

ಮರಿಗಳು ಒಂದು ದಿನ ತಡವಾಗಿ ಎದ್ದವು. ಒಂಬತ್ತು ಮನೆಗಳಿಗೆ ಹೆಚ್ಚುಕಡಿಮೆ ಬರಬೇಕಾದಷ್ಟೇ ಬಂದವು. ಒಂದು ಮನೆಗೆ ಅರ್ಧ. ಮುದುಕಿಯ ಟ್ರೇಯಲ್ಲಿ ಎದ್ದದ್ದು ಒಂಬತ್ತು ಮರಿ. ಅಕ್ಕ ತನ್ನ ಪಾಲು ಬಿಟ್ಟು ಒಂಬತ್ತನ್ನೂ ಆಕೆಗೇ ಕೊಟ್ಟಳು. ಮುದುಕಿ ಬುಟ್ಟಿ ಎತ್ತಿಕೊಳ್ಳುವ ಮೊದಲು ಕಾಕಾನನ್ನು ಎದುರಿಗೆ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಳು. ಅವರು ಒಂದೊಂದು ಮಾತನ್ನೂ ಕೇಳಿಸಿಕೊಂಡರು. ಬೈಯಿಸಿಕೊಳ್ಳಬೇಕಾದ ಇನ್ನೊಬ್ಬಳು ಹೊರಗೆ ಗಾಡಿಯಲ್ಲಿ ಕೂತು, ಫೋನಿನಲ್ಲಿ ಮುಖ್ಯವಾದ ಮಾತಿದೆ ಎಂಬಂತೆ ನಟಿಸುತ್ತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಅಂದಿನಿಂದ ಕಾಕಾ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೇವೂರಿಗೆ ಹೋಗತೊಡಗಿದರು. ಆ ಒಂಬತ್ತರಲ್ಲಿ ಎಷ್ಟು ಉಳಿದವು, ಎಷ್ಟು ತತ್ತಿ ಇಟ್ಟವು, ಯಾವುದು ಕಾವಿಗೆ ಕೂತಿದೆ, ಎಲ್ಲ ಕೇಳಿಕೊಂಡು ಬರುವರು. ಅಂಗಡಿಯಲ್ಲಿ ಕೆಲಸ ಬಿದ್ದಿರುತ್ತಿತ್ತು. "ಅಲ್ಲಿ ನಮ್ಮ ಗಿರಾಕಿ ಒಬ್ಬರೂ ಇಲ್ಲ, ಏನ್ ದಂಧಾ ಐತ್ರಿ ನಿಮಗ?" ಎಂದು ರೇಗುತ್ತಿದ್ದೆ. "ಹೇಳಿದ್ದು ಮುಟ್ಟೇತೋ ಇಲ್ಲೋ ನೋಡಬೇಕಲ್ಲ," ಎನ್ನುವರು. ಏನು ಹೇಳಿದ್ದು, ಏನು ಮುಟ್ಟಬೇಕು, ನನಗೆ ತಿಳಿಯುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಎದೆ ಹಿಡಿದಂತಾಗಿದೆ ಎಂದರಂತೆ. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿಯಿತು. ನಾನು ನಿಂತು ಎಲ್ಲ ಮಾಡಿಸಿದೆ. ಗಿರಾಕಿಗಳ ಪಟ್ಟಿ ಎದುರಿಗಿಟ್ಟುಕೊಂಡು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಒಬ್ಬರನ್ನೂ ಬಿಡದೆ ಫೋನ್ ಮಾಡಿ ಹೇಳಿದೆ.

ಅವರ ಜಾಗಕ್ಕೆ ಬಂದ ಎಂಜಿನಿಯರು ಚುರುಕು. ಒಂದೇ ಕನ್ನಡಕ. ಕೋಡ್ ಓದಿ ಒಂದು ದಿನ ಬಂದ. "ಮೇಡಂ, ಬರೇ ಜೋಡಣಿ ಸುದ್ದಿ ನೋಡಾಕ ಐದನೂರು ಸಾಲು ಬರದಾರ್ರಿ. ತಗದು ಹಾಕಿದ್ರ ಹಗರ ಆಗತೈತಿ. ಆದ್ರ ನಡುವ ಕನ್ನಡದಾಗ ಏನೋ ಬರದಾರ, ನೀವೊಮ್ಮೆ ನೋಡ್ರಿ."

ನೋಡಿದೆ. ಪ್ರೋಗ್ರಾಮಿನ ನಡುವೆ, ಯಂತ್ರ ಓದದ, ಮನುಷ್ಯರಿಗಾಗಿ ಬಿಟ್ಟ ಟಿಪ್ಪಣಿ. "ಜೋಡಣೆಯಾದೊಡನೆ ಮೊದಲು ಈಗಿನ ಮಾತು ಕೇಳು. ಹಳೆಯದನ್ನು ಕಳೆಯಬೇಡ, ಪರದೆಗೆ ತರಬೇಡ. ಇಲ್ಲಿ ನಾನು ಒಮ್ಮೆ ತಪ್ಪಿದ್ದೇನೆ. ಈ ಸಾಲುಗಳು ಹೆಚ್ಚಾದವೆಂದು ತೆಗೆಯುವವರು ಬೇವೂರಿಗೆ ಹೋಗಿ ಹನ್ನೊಂದು ಮನೆಯವರನ್ನು ಕೇಳಿ ಬಂದು ಆಮೇಲೆ ತೆಗೆಯಿರಿ."

ಸತ್ತ ಮೇಲೂ ನನ್ನ ಒಂದು ದಿನ ಹಾಳು! ಕೊಪ್ಪಳದಲ್ಲಿ ಒಬ್ಬ ದೊಡ್ಡ ಗಿರಾಕಿ ಕಾಯುತ್ತಿದ್ದ. ಬೈದುಕೊಳ್ಳುತ್ತಲೇ ಎಂಜಿನಿಯರನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬೇವೂರಿಗೆ ಹೋದೆ.

ಮುದುಕಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುತ್ತ ಕೋಳಿಗಳು. ನನ್ನನ್ನು ಗುರುತು ಹಿಡಿದು, ಹಿಂದೆ ಬಂದವನನ್ನು ನೋಡಿ, ಮತ್ತೆ ಗಾಡಿಯ ಕಡೆ ನೋಡಿದಳು.

"ಎಲ್ಲಿ, ಕಾಕಾ ಇಳೀಲಿಲ್ಲಲ್ಲ? ಭಾಳ ತಿಂಗಳಾತು, ಈ ಕಡೆ ಹಣಕಿ ನೋಡಿಲ್ಲ. ನಾ ಬೈದಿದ್ದಕ್ಕ ಈಗ ಸಿಟ್ಟು ಬಂತೇನು?"

ಪಟ್ಟಿಯಲ್ಲಿದ್ದವರಿಗೆಲ್ಲ ಹೇಳಿದ್ದೆ. ಇವರು ನನ್ನ ಪಟ್ಟಿಯಲ್ಲಿರಲಿಲ್ಲ.

"ಕಾಕಾ ಹೋಗ್ಯಾರವಾ," ಎಂದೆ. "ಚಳಿಗಾಲದಾಗ."

ಆಕೆಯ ಕೈಯಲ್ಲಿದ್ದ ಮೊರ ನಿಂತಿತು. ಆಮೇಲೆ, "ನಮಗ ಯಾರೂ ಹೇಳಲಿಲ್ಲಲ್ಲ," ಎಂದಳು. ಬೈಗುಳವಲ್ಲ. ಬೈದಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆ.

ಎದ್ದು ಬಾಗಿಲಿಗೆ ಹೋಗಿ ಓಣಿಯ ಕಡೆ ಮುಖಮಾಡಿ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು. ಒದ್ದೆ ಕೈ ಒರೆಸಿಕೊಳ್ಳುತ್ತ, ಕೂಸು ಎತ್ತಿಕೊಂಡು, ಹನ್ನೊಂದು ಮನೆಯ ಹೆಂಗಸರೂ ಬಂದು ಕಟ್ಟೆಯ ಮೇಲೆ, ನೆಲದ ಮೇಲೆ ಕೂತರು.

"ಈಗ ಎಲ್ಲಾರ ಮುಂದ ಹೇಳವಾ," ಎಂದಳು ಮುದುಕಿ.

ಕೊಪ್ಪಳದ ಗಿರಾಕಿಯ ಫೋನು ಬರುತ್ತಿತ್ತು. ಬಂದ್ ಮಾಡಿ ಚೀಲದೊಳಗೆ ಹಾಕಿದೆ. ಕಾಕಾ ಹೋದದ್ದನ್ನು ಹೇಳಿದೆ. ಆಮೇಲೆ, ಯಾರೂ ಕೇಳದಿದ್ದರೂ, ಆ ಬನ್ನಿಯ ದಿನ ಬೆಳಿಗ್ಗೆ ಫೋನಿನಲ್ಲಿ ಬಾಗಿಲು ತೆಗೆಯಿರಿ ಎಂದು ಒದರಿದವಳು ನಾನು ಎನ್ನುವುದನ್ನೂ ಹೇಳಿದೆ.